ಅಕ್ಕನ ಕಬ್ಬಿಣದ ದೋಣಿ

ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ರಸ್ತೆಯಲ್ಲಿ ನಮ್ಮೂರಿಗೆ ತಿರುಗುವ ಕಡೆ ನನ್ನದೊಂದು ಶೀಟಿನ ಶೆಡ್ಡಿದೆ. ಇಪ್ಪತ್ತಾರು ವರ್ಷದಿಂದ ಅಲ್ಲಿ ಟ್ರ್ಯಾಕ್ಟರು, ಟಿಲ್ಲರು, ಹಳೆಯ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಡೀಸೆಲ್ ಎಂಜಿನ್ ಎಷ್ಟೇ ಕೆಟ್ಟಿದ್ದರೂ ನನಗೆ ಹೆದರಿಕೆಯಿಲ್ಲ. ನೀರೆಂದರೆ ಹೆದರಿಕೆ. ನಾನು ಹುಡುಗನಾಗಿದ್ದಾಗ ನಮ್ಮ ಕೆರೆಯಲ್ಲಿ ಎಮ್ಮೆ ಮೈ ನೆನೆಸುವಷ್ಟೂ ನೀರಿರುತ್ತಿರಲಿಲ್ಲ. ಹಾಗಾಗಿ ಈಜು ಕಲಿಯುವ ಪ್ರಸಂಗವೇ ಬರಲಿಲ್ಲ. ಇಂಥ ನನ್ನ ಕೈಗೆ ಐವತ್ತು ದಾಟಿದ ಮೇಲೆ ಒಂದು ದೋಣಿ ಬಂತು. ತಂದವಳು ನನ್ನ ಅಕ್ಕ.

ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಊರೊಳಗೇ ಮದುವೆಯಾಗಿ ಎರಡು ಬೀದಿ ಆಚೆಗಿನ ಮನೆ ಸೇರಿದವಳು. ನಾಲ್ಕೈದು ವರ್ಷದ ಹಿಂದೆ ಎರಡು ಮಳೆಗಾಲ ಒಂದರ ಹಿಂದೊಂದು ಚೆನ್ನಾಗಿ ಹಿಡಿದು ಕೆರೆ ತುಂಬಿತು, ಕೋಡಿ ಬಿತ್ತು. ಊರಿನವರೆಲ್ಲ ಏರಿಯ ಮೇಲೆ ನಿಂತು ಫೋಟೋ ತೆಗೆದುಕೊಂಡು ಬಂದರು. ಅಕ್ಕ ಮಾತ್ರ ಮನೆಗೆ ಬಂದವಳೇ ತನ್ನ ಸಂಘದ ಹೆಂಗಸರನ್ನು ಕೂಡಿಸಿದಳು. ಹನ್ನೊಂದು ಜನರ ಆ ಸಂಘ ಅಲ್ಲಿಯವರೆಗೆ ಹಪ್ಪಳ, ಉಪ್ಪಿನಕಾಯಿ ಮಾಡುತ್ತಿತ್ತು. ಆ ವರ್ಷ ಕೆರೆಯ ಮೀನು ಸಾಕುವ ಹಕ್ಕನ್ನು ಅವರು ಹಿಡಿದರು. ಕಾಟ್ಲಾ, ರೋಹು ಮರಿ ಬಿಟ್ಟರು.

ಮರಿ ಬಿಡುವುದು ಸುಲಭವಿತ್ತು. ಆದರೆ ಕಡಲೆಕಾಯಿ ಹಿಂಡಿ, ತೌಡು ಕಲಸಿ ನಡುನೀರಿಗೆ ಒಯ್ದು ಹಾಕಬೇಕು. ಅದಕ್ಕಿಂತ ದೊಡ್ಡ ಕಾಟ ಅಂತರಗಂಗೆ ಕಳೆಯದು. ಇವತ್ತು ಕಿತ್ತರೆ ಹದಿನೈದು ದಿನಕ್ಕೆ ಮತ್ತೆ ಹಸಿರು ಕಂಬಳಿ ಹೊದ್ದುಕೊಳ್ಳುತ್ತಿತ್ತು. ಹರಿಗೋಲಿನಲ್ಲಿ ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ, ಇನ್ನು ಕಳೆ ತುಂಬುವುದೆಲ್ಲಿ? ಆಗ ನೆಲಮಂಗಲದ ಹತ್ತಿರ ಗೋದಾಮೊಂದರಲ್ಲಿ ಕೆಲಸಕ್ಕಿದ್ದ ಭಾವ ಒಂದು ಸುದ್ದಿ ತಂದರು. ಹೆದ್ದಾರಿ ಪಕ್ಕದ ಗುಜರಿ ಅಂಗಳದಲ್ಲಿ ಕಬ್ಬಿಣದ ದೋಣಿಯೊಂದು ಬಿದ್ದಿದೆಯಂತೆ, ಎಂಜಿನ್ ಕೂಡ ಅದರಲ್ಲೇ ಇದೆಯಂತೆ.

ಅಕ್ಕ ನನ್ನನ್ನು ಕರೆದುಕೊಂಡು ಹೋದಳು. ಮುರಿದ ಲಾರಿ ಕ್ಯಾಬಿನ್ನುಗಳ ನಡುವೆ ಆ ದೋಣಿ ಬಾಗಿಕೊಂಡು ಕೂತಿತ್ತು. ಇಪ್ಪತ್ತೆರಡು ಅಡಿ ಉದ್ದ, ಐದೇ ಅಡಿ ಅಗಲ. ಯಾವುದೋ ಜಲಾಶಯದ ಹಿನ್ನೀರಿನಲ್ಲಿ ಕೆಲಸಗಾರರನ್ನು ಸಾಗಿಸುತ್ತಿದ್ದ ದೋಣಿಯೆಂದು ಅಂಗಳದವನು ಹೇಳಿದ. ಅಕ್ಕ ಅದರ ಉದ್ದವನ್ನು ಹೆಜ್ಜೆಯಲ್ಲಿ ಅಳೆದು, ಎಷ್ಟು ಜನ ಕೂರಬಹುದು, ಎಷ್ಟು ಕಳೆ ಹಿಡಿಸಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ನಾನು ಹಲಗೆ ಎತ್ತಿ ಎಂಜಿನ್ ನೋಡಿದೆ. ಎರಡು ಸಿಲಿಂಡರಿನ, ಹ್ಯಾಂಡಲ್ ಹಾಕಿ ತಿರುಗಿಸುವ ಹಳೇ ಕಾಲದ ಎರಕ. ಈಗ ಅಂಥವು ಬರುವುದಿಲ್ಲ. ತುಕ್ಕು ಹಿಡಿದು ಜಾಮ್ ಆಗಿತ್ತು. ಆದರೂ ಒಂದು ಬೋಲ್ಟೂ ಕಳೆದುಹೋಗಿರಲಿಲ್ಲ.

"ಆಗ್ತದಾ?" ಎಂದಳು ಅಕ್ಕ.

"ಒಂದ್ ತಿಂಗ್ಳು ಕೊಡು. ಆಮೇಲೆ ಹತ್ತು ವರ್ಷ ತಿರುಗಿ ನೋಡಂಗಿಲ್ಲ," ಎಂದೆ.

ನಾನು ಎಂಜಿನ್ ಬಗ್ಗೆ ಹೇಳಿದೆ. ಅವಳು ಅದನ್ನು ಇಡೀ ದೋಣಿ ಬಗ್ಗೆ ಎಂದು ಕೇಳಿಸಿಕೊಂಡಳು.

ಟ್ರೇಲರಿನ ಮೇಲೆ ದೋಣಿ ಊರಿಗೆ ಬಂತು. ಸಿಲಿಂಡರಿಗೆ ಡೀಸೆಲ್ಲು, ಸೀಮೆಎಣ್ಣೆ ಬೆರೆಸಿ ಹುಯ್ದು ಒಂದು ವಾರ ಬಿಟ್ಟೆ. ದಿನಾ ಬೆಳಿಗ್ಗೆ ಹಾರೆ ಕೊಟ್ಟು ಎಂಜಿನ್ ಚಕ್ರವನ್ನು ಅಲ್ಲಾಡಿಸಿ ನೋಡುತ್ತಿದ್ದೆ. ಎಂಟನೆಯ ದಿನ ಕೂದಲೆಳೆಯಷ್ಟು ಅಲುಗಿತು. ಒಬ್ಬನೇ ಇದ್ದೆ, ಆದರೂ ನಕ್ಕುಬಿಟ್ಟೆ. ಆಮೇಲಿನ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ಪಿಸ್ಟನ್ ರಿಂಗು ಹೊಸದು ಹಾಕಿದೆ, ಹೆಡ್ಡು ಬಿಚ್ಚಿ ವಾಲ್ವು ಉಜ್ಜಿ ಕೂರಿಸಿದೆ, ಡೀಸೆಲ್ ಚಿಮ್ಮಿಸುವ ನಾಜಲ್ ಎರಡನ್ನೂ ದೊಡ್ಡಬಳ್ಳಾಪುರಕ್ಕೆ ಒಯ್ದು ಚೆಕ್ ಮಾಡಿಸಿದೆ. ಎಂಜಿನ್ನಿನಿಂದ ಹೊರಗೆ ನೀರು ತಳ್ಳುವ ಫ್ಯಾನಿಗೆ ಹೋಗುವ ಶಾಫ್ಟು ದೋಣಿಯ ಹಿಂಭಾಗ ತೂರಿ ನೀರಿಗೆ ಇಳಿಯುತ್ತದೆ. ಆ ತೂತಿನ ಸುತ್ತ ಗ್ರೀಸು ಕುಡಿಸಿದ ಹಗ್ಗವನ್ನು ಬಿಗಿಯಾಗಿ ಸುತ್ತಬೇಕು. ಅದಕ್ಕೆ ಪ್ಯಾಕಿಂಗ್ ಅನ್ನುತ್ತೇವೆ. ತೀರಾ ಬಿಗಿದರೆ ಶಾಫ್ಟು ಬಿಸಿಯಾಗುತ್ತದೆ. ಆದ್ದರಿಂದ ಆಗೊಂದು ಈಗೊಂದು ಹನಿ ಒಳಗೆ ಬೀಳುವಷ್ಟು ಸಡಿಲ ಬಿಡಬೇಕು. ಇಷ್ಟು ನನಗೆ ಪಂಪಿನ ಕೆಲಸದಿಂದ ಗೊತ್ತಿತ್ತು.

ಕೊನೆಗೆ ತಳದ ಸರದಿ ಬಂತು. ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿದೆ. ಎಲ್ಲ ಕಡೆ ಠಣ್ ಅಂದಿತು. ಎಂಜಿನ್ನಿನ ಕೆಳಗೆ, ಎಡಕ್ಕೆ ಒಂದು ಜಾಗದಲ್ಲಿ ಮಾತ್ರ ದೊಪ್ ಅಂದಿತು. ನಾನು ಕೈ ತಡೆದೆ. ಇನ್ನೊಂದು ಸಲ ಬಡಿದೆ, ಈ ಸಲ ಮೆಲ್ಲಗೆ. ಸದ್ದೇನೂ ಅಷ್ಟು ಕೆಟ್ಟದಾಗಿ ಕೇಳಿಸಲಿಲ್ಲ. ತಗಡಿನ ವಿದ್ಯೆ ನನಗೆ ಗೊತ್ತಿಲ್ಲ ಎಂದು ಆಗಲೇ ಯಾರನ್ನಾದರೂ ಕರೆಸಬಹುದಿತ್ತು. ಆದರೆ ಹೆಂಗಸರು ಪೂಜೆಗೆ ದಿನ ನೋಡಿಬಿಟ್ಟಿದ್ದರು. ಎಂಜಿನ್ ಶುರುವಾದ ದಿನ ಇಡೀ ಊರು ಶೆಡ್ಡಿಗೆ ಬಂದು ನನ್ನನ್ನು ಹೊಗಳಿತ್ತು. ಅಂಥ ಹೊತ್ತಿನಲ್ಲಿ ನನಗೊಂದು ವಿಷಯ ಗೊತ್ತಿಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಎರಡು ಕೋಟು ರೆಡ್ ಆಕ್ಸೈಡ್ ಬಳಿದು, ಮೇಲೆ ಡಾಂಬರು ಸವರಿ, ದೋಣಿಯನ್ನು ಕೆರೆಗೆ ಇಳಿಸಿದೆವು.

ಎಂಟು ತಿಂಗಳು ಅದು ಚೆನ್ನಾಗಿಯೇ ಓಡಿತು. ಅಕ್ಕ ದೋಣಿ ನಡೆಸುವುದನ್ನು ಮೂರೇ ದಿನದಲ್ಲಿ ಕಲಿತಳು. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಕೂತು ಚುಕ್ಕಾಣಿ ಹಿಡಿದಳೆಂದರೆ ಏರಿಯ ಮೇಲೆ ಹೋಗುವ ಬೈಕುಗಳು ನಿಂತು ನೋಡುತ್ತಿದ್ದವು. ಗಾಳಿ ಬೀಸಿದ ದಿನ ಎಂಜಿನ್ ಸದ್ದು ನನ್ನ ಶೆಡ್ಡಿಗೂ ಕೇಳಿಸುತ್ತಿತ್ತು. ಕೆಲಸ ಬಿಟ್ಟು ಒಂದು ಗಳಿಗೆ ಕಿವಿಗೊಡುತ್ತಿದ್ದೆ.

ಒಂದು ದಿನ ಅಕ್ಕ ಫೋನ್ ಮಾಡಿದಳು. "ಲೋ, ಎಂಜಿನ್ ಕೆಳ್ಗೆ ನೀರು ನಿಲ್ತೈತೆ ಕಣೋ."

"ಪ್ಯಾಕಿಂಗು ಹನಿ ಹಾಕ್ತದೆ ಅಕ್ಕ, ಹಾಕ್ಬೇಕು. ಬರ್ತೀನಿ ಇರು." ಹೋಗಿ ನಟ್ಟನ್ನು ಕಾಲು ಸುತ್ತು ಬಿಗಿದು ಬಂದೆ.

ಹತ್ತು ದಿನಕ್ಕೆ ಮತ್ತೆ ಹೇಳಿದಳು. ಮತ್ತೆ ಬಿಗಿದೆ. ಮೂರನೆಯ ಸಲ ಅವಳೇ ಶೆಡ್ಡಿಗೆ ಬಂದಳು. "ನಿನ್ ಪ್ಯಾಕಿಂಗು ಒಣ್ಗಿದೆ, ಮುಟ್ಟಿ ನೋಡಿದೀನಿ. ನೀರು ಬೇರೆ ಎಲ್ಲಿಂದ್ಲೋ ಬರ್ತೈತೆ. ಬೆಳಿಗ್ಗೆ ಎರಡು ಬಕೆಟ್ಟು ಎತ್ತಿ ಹಾಕ್ದೆ."

ಸುತ್ತಿಗೆಯ ಆ ಸದ್ದು ಆಗ ನನ್ನ ತಲೆಗೆ ಬಂತು. ಬಂದದ್ದನ್ನು ಪಕ್ಕಕ್ಕೆ ತಳ್ಳಿದೆ. "ಈ ವಾರ ಟ್ರ್ಯಾಕ್ಟರ್ ಕೆಲ್ಸ ಜಾಸ್ತಿ ಐತೆ. ಮುಂದಿನ ವಾರ ನೋಡ್ತೀನಿ," ಎಂದೆ.

ಆ ಮುಂದಿನ ವಾರ ಬರುವುದಕ್ಕೆ ಮುಂಚೆಯೇ ಅದು ನಡೆದುಹೋಯಿತು. ಬೆಳಿಗ್ಗೆ ಒಂಬತ್ತರ ಹೊತ್ತು. ಹೊಸ ಡೀಸೆಲ್ ಫಿಲ್ಟರು ಕೊಡೋಣವೆಂದು ಏರಿಗೆ ಹೋಗಿದ್ದೆ. ದೋಣಿ ಕೆರೆಯ ನಡುವೆ ಇತ್ತು. ಅಕ್ಕ, ಜೊತೆಗೆ ಐವರು ಹೆಂಗಸರು, ಮುಂಭಾಗದಲ್ಲಿ ರಾಶಿ ಅಂತರಗಂಗೆ. ಕೈ ಬೀಸಿದೆ. ಅಷ್ಟರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗೆ ತಡವರಿಸಿತು. ಹಲಗೆಯ ಸಂದಿಯಿಂದ ನೀರು ಮೇಲಕ್ಕೆ ಚಿಮ್ಮುವುದು ದೂರದಿಂದಲೂ ಕಂಡಿತು. ಒಳಗೆ ನಿಂತ ನೀರು ಎಂಜಿನ್ ಚಕ್ರದ ಮಟ್ಟಕ್ಕೆ ಬಂದು, ಚಕ್ರ ಅದನ್ನು ಎತ್ತಿ ಎರಚುತ್ತಿತ್ತು. ಹೆಂಗಸರು ಕೂಗಿಕೊಂಡರು.

"ಈ ಕಡೆ ಬಾ ಅಕ್ಕ! ಏರಿ ಕಡೆ ತಿರುಗ್ಸು!" ಎಂದು ಕಿರುಚಿದೆ. ಈಜು ಬರುವವನಾಗಿದ್ದರೂ ಅಷ್ಟು ದೂರ ಹೋಗಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಾರದವನು ಸುಮ್ಮನೆ ಕಲ್ಲಿನ ಮೇಲೆ ನಿಂತಿದ್ದೆ.

ಅಕ್ಕ ಏರಿಯ ಕಡೆ ತಿರುಗಿಸಲಿಲ್ಲ. ಇನ್ನೂ ಒಳಕ್ಕೆ, ಬಲಕ್ಕೆ ತಿರುಗಿಸಿದಳು. ಗಾಬರಿಯಲ್ಲಿ ಅವಳಿಗೆ ದಿಕ್ಕು ತಪ್ಪಿತು ಎಂದುಕೊಂಡೆ. ಕಳೆಯನ್ನೆಲ್ಲ ಆಚೆ ನೂಕಿರೆಂದು ಅವಳು ಕೂಗುವುದು, ಹೆಂಗಸರು ಎರಡೂ ಕೈಯಲ್ಲಿ ಬಾಚಿ ನೂಕುವುದು ಕಾಣಿಸುತ್ತಿತ್ತು. ದೋಣಿಯ ಹಿಂಭಾಗ ತಗ್ಗುತ್ತಾ ಬಂತು. ಆಮೇಲೆ ಒಂದು ಕುಲುಕು ಕುಲುಕಿ ದೋಣಿ ನಿಂತುಬಿಟ್ಟಿತು. ಎಂಜಿನ್ ಕೂಡ ನಿಂತಿತು. ಆರೂ ಜನ ಮೊಣಕಾಲುದ್ದ ನೀರಿನಲ್ಲಿ, ದೋಣಿಯೊಳಗೆ, ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ದೋಣಿ ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಅಲ್ಲೊಂದು ದಿಣ್ಣೆಯಿತ್ತು. ಕೆರೆ ಒಣಗಿದ್ದ ಅಷ್ಟು ವರ್ಷ ಅಕ್ಕ ಅದರ ಅಂಗಳದಲ್ಲೇ ಹಸು ಮೇಯಿಸಿದವಳು, ಸೌದೆ ಆಯ್ದವಳು. ನಮಗೆಲ್ಲ ನೀರು ಕಂಡರೆ ಅವಳಿಗೆ ಅದರ ಕೆಳಗಿನ ನೆಲ ಕಾಣುತ್ತಿತ್ತು. ಏರಿಗೆ ಬರುವಷ್ಟು ಹೊತ್ತು ಇಲ್ಲವೆಂದು ಗೊತ್ತಾಗಿ ದಿಣ್ಣೆಯ ಮೇಲೆ ತಂದು ಕೂರಿಸಿದ್ದಳು.

ಆಚೆ ದಡದಲ್ಲಿ ಬಲೆ ಒಣಗಿಸುತ್ತಿದ್ದವರು ಹರಿಗೋಲು ತಂದು ಒಬ್ಬೊಬ್ಬರನ್ನೇ ಕರೆತಂದರು. ಅಕ್ಕ ಕೊನೆಗೆ ಬಂದಳು. ಸೀರೆಯಿಂದ ನೀರು ಸೋರುತ್ತಿತ್ತು. ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವಳೊಬ್ಬಳು ಏರಿಯ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. ಅವಳ ಮಗುವಿಗೆ ಆಗಿನ್ನೂ ಎರಡು ವರ್ಷ. ನನಗೆ ಆ ಅಳುವನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ.

"ಅಕ್ಕ, ನಂಗೆ ಗೊತ್ತಿತ್ತು," ಎಂದೆ.

"ಏನ್ ಗೊತ್ತಿತ್ತು?"

"ತಳ ಬಡಿದು ನೋಡ್ದಾಗ ಒಂದ್ ಕಡೆ ಸದ್ದು ಸರಿ ಇರ್ಲಿಲ್ಲ. ಡಾಂಬರು ಬಳಿದು ಮುಚ್ಬಿಟ್ಟೆ."

ಅದಕ್ಕೆ ಮೊದಲು ಮಾತಾಡಿದವಳು ಆ ಚಿಕ್ಕ ಹೆಂಗಸು. ಕಣ್ಣೊರೆಸಿಕೊಂಡು, "ಅಣ್ಣಾ, ಹೇಳಿದ್ರೆ ನಾವೇನು ನಿಮ್ಮನ್ನ ಕೀಳಾಗಿ ನೋಡ್ತಿದ್ವಾ? ಇನ್ನೊಂದ್ ತಿಂಗ್ಳು ಕಾಯ್ತಿದ್ವಿ ಅಷ್ಟೇ," ಎಂದಳು.

ಅಕ್ಕ ಸೆರಗಿನ ನೀರು ಹಿಂಡುತ್ತಾ ಕೇಳಿದಳು, "ಎಂಜಿನ್ನು ನೀರಲ್ಲಿ ಎಷ್ಟೊತ್ತು ಇರ್ಬೋದು?"

"ಇವತ್ತೇ ಎತ್ತಿ ಬಿಚ್ಬೇಕು. ನಾಳೆ ಅಂದ್ರೆ ಒಳಗೆಲ್ಲ ತುಕ್ಕು ಹಿಡೀತದೆ."

"ಹಂಗಾದ್ರೆ ಏಳು. ಮಿಕ್ಕಿದ್ದು ಆಮೇಲೆ."

ಎತ್ತುವುದೆಂದರೆ ಮೊದಲು ತೂತು ಮುಚ್ಚಬೇಕು. ತೂತು ಎಲ್ಲಿದೆಯೆಂದು ಗೊತ್ತಿದ್ದವನು ನಾನೊಬ್ಬನೇ. ಲಾರಿ ಟ್ಯೂಬೊಂದನ್ನು ಗಾಳಿ ತುಂಬಿ ಎದೆಗೆ ಹಾಕಿಕೊಂಡು ಹರಿಗೋಲಿನಲ್ಲಿ ಕೂತೆ. ದಿಣ್ಣೆಯ ಹತ್ತಿರ ಇಳಿದಾಗ ನೀರು ಎದೆಮಟ್ಟ ಬಂತು. ಕಾಲ ಕೆಳಗಿನ ಕೆಸರು ಜಾರುತ್ತಿತ್ತು. ಅಕ್ಕ ಪಕ್ಕದಲ್ಲೇ ನಿಂತು ನನ್ನ ಅಂಗಿಯ ಕಾಲರನ್ನು ಹಿಡಿದುಕೊಂಡಿದ್ದಳು. ಚಿಕ್ಕಂದಿನಲ್ಲಿ ಸಂತೆಗೆ ಹೋದಾಗ ಹಿಡಿಯುತ್ತಿದ್ದ ಹಾಗೆ. ಬಾಗಿ, ದಿಣ್ಣೆಯ ಅಂಚಿನಿಂದ ಆಚೆ ಚಾಚಿಕೊಂಡಿದ್ದ ಹಿಂಭಾಗದ ತಳದಡಿಗೆ ಕೈ ಹಾಕಿ ತಡಕಿದೆ. ಬೆರಳು ಒಳಗೆ ಹೋಯಿತು. ಸುತ್ತಲಿನ ತಗಡು ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಬಟ್ಟೆ ಸುತ್ತಿ ಗ್ರೀಸು ಬಳಿದ ಮರದ ಬೆಣೆಯನ್ನು ಅಲ್ಲಿ ಒತ್ತಿ ಕೂರಿಸಿದೆ. ಆಮೇಲೆ ಬಕೆಟ್ಟುಗಳಲ್ಲಿ ನೀರು ಎತ್ತಿ ಹಾಕಿದೆವು. ಅಳುತ್ತಿದ್ದ ಆ ಚಿಕ್ಕ ಹೆಂಗಸೂ ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ದೋಣಿ ತೇಲಿತು. ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದೆವು, ಮರದ ದಿಮ್ಮಿಗಳ ಮೇಲೆ ಟ್ರ್ಯಾಕ್ಟರು ಅದನ್ನು ಮೇಲೆ ಎಳೆಯಿತು.

ಅಲ್ಲೇ ಏರಿಯ ಕೆಳಗೆ ಎಂಜಿನ್ ಬಿಚ್ಚಲು ಕೂತೆ. ಆಯಿಲ್ ಬಿರಡೆ ತೆಗೆದಾಗ ಮೊದಲು ಬರೀ ನೀರು ಬಂತು, ಆಮೇಲೆ ಹಾಲು ಜಾಸ್ತಿಯಾದ ಕಾಫಿಯಂಥದ್ದು ಸುರಿಯಿತು. ನಾಜಲ್ ಬಿಚ್ಚಿ ಹ್ಯಾಂಡಲ್ ತಿರುಗಿಸಿದರೆ ಸಿಲಿಂಡರಿನಿಂದ ನೀರು ಪಿಚಕಾರಿಯ ಹಾಗೆ ಹಾರಿತು. ಡೀಸೆಲ್ ಹುಯ್ದು, ತಿರುಗಿಸಿ, ಸುರಿದು, ಹೀಗೆ ಮೂರು ಸಲ ತೊಳೆದೆ. ಹೊತ್ತು ಮುಳುಗುವ ಮುಂಚೆ ಹೊಸ ಆಯಿಲ್ ತುಂಬಿ, ಇನ್ನೊಮ್ಮೆ ಕೈಯಲ್ಲಿ ತಿರುಗಿಸಿ ಇಟ್ಟೆ. ಎಂಜಿನ್ ಉಳಿಯಿತು. ಅದರಿಂದ ನನಗೆ ಆ ದಿನ ಸಂತೋಷವೇನೂ ಆಗಲಿಲ್ಲ.

ತಳ ನೋಡುವುದಕ್ಕೆ ನೆಲಮಂಗಲದಿಂದ ಒಬ್ಬರು ಹಿರಿಯ ವೆಲ್ಡರನ್ನು ಕರೆತಂದೆ. ನಲವತ್ತು ವರ್ಷ ನೀರಿನ ಟ್ಯಾಂಕರುಗಳ ಮೈ ಕಟ್ಟಿದವರು. ಎಲ್ಲರೂ ಅವರನ್ನು ಭಾಯ್ ಅನ್ನುತ್ತಾರೆ. ಮೊದಲ ದಿನ ವೆಲ್ಡಿಂಗ್ ಸಾಮಾನು ಏನೂ ತರಲಿಲ್ಲ, ಒಂದು ಸುತ್ತಿಗೆ, ಒಂದು ಸೀಮೆಸುಣ್ಣ ಅಷ್ಟೇ. ದೋಣಿಯನ್ನು ಮಗ್ಗುಲಾಗಿಸಿ ಗೇಣು ಗೇಣು ಬಡಿಯುತ್ತಾ, ಕಿವಿ ಹಚ್ಚಿ ಕೇಳುತ್ತಾ, ಸುಣ್ಣದಲ್ಲಿ ಗುರುತು ಹಾಕುತ್ತಾ ಅರ್ಧ ದಿನ ಕಳೆದರು. ಬೆಣೆಯಿದ್ದ ಜಾಗದ ಸುತ್ತ ದೊಡ್ಡದೊಂದು ಚೌಕ ಎಳೆದರು. ಇನ್ನೂ ಎರಡು ಕಡೆ ಸಣ್ಣ ಚೌಕ.

"ಇಲ್ಲಿ ನೀವು ಬಡಿದು ನೋಡಿದ್ರಾ ಅಣ್ಣ?" ಎಂದರು.

"ನೋಡಿದ್ದೆ ಭಾಯ್."

"ಎರಡನೇ ಸಲ ಮೆತ್ತಗೆ ಬಡಿದಿರ್ತೀರಿ."

ನಾನು ತಲೆಯಾಡಿಸಿದೆ.

"ನಾನೂ ಮಾಡಿದೀನಿ," ಎಂದು ಅವರು ಸುತ್ತಿಗೆ ಕೆಳಗಿಟ್ಟರು. "ವಯಸ್ಸಲ್ಲಿ. ಒಂದು ಟ್ಯಾಂಕರ್ ತಳ ಕೊಳೆತಿತ್ತು. ಕತ್ತರಿಸಿ ತೆಗೀಬೇಕಿತ್ತು, ಮೇಲಿಂದ ತೇಪೆ ಹಾಕಿ ಕಳಿಸಿಬಿಟ್ಟೆ. ರಸ್ತೆ ಮಧ್ಯ ತೇಪೆ ಬಿಟ್ಕೊಂಡು ನೀರೆಲ್ಲ ಸುರೀತು, ಹಿಂದೆ ಬರ್ತಿದ್ದ ಬೈಕಿನೋನು ಜಾರಿ ಬಿದ್ದ. ಕಾಲು ಮುರೀತು. ಮೂರ್ ತಿಂಗ್ಳು ಅವನ ಮನೆಗೆ ಹೋಗ್ತಿದ್ದೆ, ನೋಡೋಕೆ. ಅದಾದ್ಮೇಲೆ ಮೆತ್ತಗೆ ಬಡಿಯೋದು ಬಿಟ್ಟೆ."

ತಳ ಕೊಳೆತದ್ದು ಹೊರಗಿನ ನೀರಿಗಲ್ಲ, ಒಳಗಿನ ನೀರಿಗೆ ಎಂದು ತೋರಿಸಿದರು. ಎಂಜಿನ್ನಿನ ಅಡಿಯಲ್ಲಿ ಪ್ಯಾಕಿಂಗಿನ ಹನಿ, ಆಯಿಲು, ಕೆಸರು ಸೇರಿ ವರ್ಷಾನುಗಟ್ಟಲೆ ನಿಂತಿತ್ತು. ಹೊರಗಿನಿಂದ ಗಟ್ಟಿ ಕಾಣುವ ತಗಡು ಒಳಗಿನಿಂದ ಸವೆದಿತ್ತು. ಎಂಟು ತಿಂಗಳು ನಾನು ಕೂಡ ಅಲ್ಲಿ ನೀರು ನಿಲ್ಲಲು ಬಿಟ್ಟಿದ್ದೆ.

ಐದು ದಿನ ಕೆಲಸ ನಡೆಯಿತು. ಭಾಯ್ ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸ ಪ್ಲೇಟು ಕೂರಿಸಿದರು. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಮಾಡಿದರೆ ತಗಡು ಸೊಟ್ಟಗಾಗುತ್ತದೆಂದು ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ ಹಾಕುತ್ತಾ ಹೋದರು. ಕೊನೆಗೆ ಸೋರಿಕೆ ನೋಡುವ ಉಪಾಯ ಹೇಳಿದರು: ಬೆಸುಗೆಯ ಮೇಲೆ ಹೊರಗಡೆ ಸುಣ್ಣ ಬಳಿಯಬೇಕು, ಒಣಗಿದ ಮೇಲೆ ಒಳಗಡೆಯಿಂದ ಸೀಮೆಎಣ್ಣೆ ಸವರಬೇಕು. ಸೂಜಿ ಮೊನೆಯಷ್ಟು ತೂತಿದ್ದರೂ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಕಲೆಯಾಗುತ್ತದೆ. ಹೆಂಗಸರು ಹಬ್ಬಕ್ಕೆ ಗೋಡೆ ಬಳಿಯುವ ಹಾಗೆ ನಗುತ್ತಾ ಮಾತಾಡುತ್ತಾ ದೋಣಿಗೆ ಸುಣ್ಣ ಬಳಿದರು. ಮೂರು ಕಡೆ ಕಲೆ ಕಂಡಿತು. ಒಂದನ್ನು ಕಂಡುಹಿಡಿದವಳು ಅಕ್ಕ. ಭಾಯ್ ಕನ್ನಡಕ ಏರಿಸಿ ನೋಡಿ, "ಅಮ್ಮ, ನೀವು ನಮ್ ಜೊತೆ ಬಂದ್ಬಿಡಿ, ನಂಗೆ ಕಣ್ಣು ಸಾಲ್ತಿಲ್ಲ," ಎಂದರು. ಮೂರನ್ನೂ ಮತ್ತೆ ಬೆಸೆದರು.

ಎರಡನೆಯ ಸಲ ನೀರಿಗೆ ಇಳಿಸುವಾಗ ಪೂಜೆ ಗೀಜೆ ಇರಲಿಲ್ಲ. ಅಷ್ಟೂ ಜನಕ್ಕೆ ತೇಲುವ ಜಾಕೆಟ್ಟು ಬರುವವರೆಗೆ ದೋಣಿ ಬಿಡುವುದಿಲ್ಲವೆಂದು ನಾನೇ ಹಟ ಹಿಡಿದಿದ್ದೆ. ಸೀಟುಗಳ ಕೆಳಗೆ ಮುಚ್ಚಳ ಬಿಗಿದ ಖಾಲಿ ಆಯಿಲ್ ಕ್ಯಾನುಗಳನ್ನೂ ಸಾಲಾಗಿ ಕಟ್ಟಿದ್ದೆ. ಅಕ್ಕ ಚುಕ್ಕಾಣಿ ಹಿಡಿದು ಕೂತು ನನ್ನ ಕಡೆ ನೋಡಿದಳು.

"ಹತ್ತು."

"ನಾನ್ಯಾಕಕ್ಕ?"

"ನಮ್ಮನ್ನ ಕೂರಿಸ್ದೋನು ನೀನು. ನೀನೂ ಕೂತ್ಕೋ."

ಕೂತೆ. ಇಡೀ ಕೆರೆ ಒಂದು ಸುತ್ತು ಬಂದೆವು. ಆ ಸುತ್ತಿನುದ್ದಕ್ಕೂ ನಾನು ಕೆರೆ ನೋಡಲಿಲ್ಲ, ಎಂಜಿನ್ನಿನ ಅಡಿಯ ಹೊಸ ತಗಡನ್ನೇ ನೋಡುತ್ತಿದ್ದೆ. ಒಣಗಿಯೇ ಇತ್ತು.

ಆ ಚಿಕ್ಕ ಹೆಂಗಸು ಅವತ್ತು ಹತ್ತಲಿಲ್ಲ. "ಇನ್ನೊಂದ್ಸಲ ಬರ್ತೀನಿ ಅಣ್ಣ," ಎಂದಳು. "ಅವಸ್ರ ಬೇಡಮ್ಮ, ನಿಂಗೆ ಧೈರ್ಯ ಬಂದಾಗ ಬಾ," ಎಂದೆ. ಮೂರು ವಾರ ದಡದಲ್ಲೇ ಕೂತು ಹಿಂಡಿ ಕಲಸುತ್ತಿದ್ದಳು. ನಾಲ್ಕನೆಯ ವಾರ ಒಂದು ಬೆಳಿಗ್ಗೆ, ಯಾರೂ ಕರೆಯದೆ, ಜಾಕೆಟ್ಟು ಹಾಕಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತಳಂತೆ. ಅಕ್ಕ ಫೋನ್ ಮಾಡಿ ಇದೊಂದೇ ವಿಷಯ ಹೇಳಿ ಇಟ್ಟಳು.

ಈಗ ಪ್ರತಿ ಬೇಸಿಗೆಯಲ್ಲಿ ನೀರು ತಗ್ಗಿದಾಗ ದೋಣಿಯನ್ನು ಮೇಲೆಳೆಯುತ್ತೇವೆ. ಭಾಯ್ ಬರುತ್ತಾರೆ, ಬಡಿಯುತ್ತಾರೆ, ಮಧ್ಯಾಹ್ನ ಅಕ್ಕನ ಮನೆಯಲ್ಲಿ ಮುದ್ದೆ ಉಂಡು ಬಸ್ಸು ಹತ್ತುತ್ತಾರೆ. ಹೋದ ವರ್ಷದಿಂದ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ತಾವು ಪಕ್ಕದಲ್ಲಿ ಕೂರುತ್ತಾರೆ. ಎಂಜಿನ್ನಿಗೆ ಆಯಿಲ್ ಬದಲಿಸುವುದು, ಪ್ಯಾಕಿಂಗ್ ಹಗ್ಗ ಸುತ್ತುವುದು, ಫ್ಯಾನಿಗೆ ಸುತ್ತಿಕೊಂಡ ಕಳೆ ಬಿಡಿಸುವುದು ನನ್ನ ಪಾಲು. ನನ್ನ ಪಾಲೆಂದೇ ನಾನು ತಿಳಿದಿದ್ದೆ.

ಕಳೆದ ತಿಂಗಳು ಒಂದು ದಿನ ಶೆಡ್ಡಿನಲ್ಲಿ ಕೂತಿದ್ದಾಗ ದೋಣಿಯ ಸದ್ದು ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಸದ್ದಿನಲ್ಲೇ ಗೊತ್ತಾಯಿತು. ಅಕ್ಕ ಫೋನ್ ಮಾಡುತ್ತಾಳೆಂದು ಕೈ ಒರೆಸಿಕೊಂಡು ಕಾದೆ. ಫೋನ್ ಬರಲಿಲ್ಲ. ತಡೆಯಲಾರದೆ ಬೈಕು ಹತ್ತಿ ಏರಿಗೆ ಹೋದೆ. ನಾನು ತಲುಪುವಷ್ಟರಲ್ಲಿ ಎಂಜಿನ್ ಮತ್ತೆ ಶುರುವಾಗಿ, ದೋಣಿ ಹಿಂಡಿ ಹಾಕಿ ದಡದ ಕಡೆ ಬರುತ್ತಿತ್ತು. ಆ ಚಿಕ್ಕ ಹೆಂಗಸಿನ ಕೈಯಲ್ಲಿ ಸ್ಪ್ಯಾನರಿತ್ತು, ಮುಂಗೈವರೆಗೆ ಡೀಸೆಲ್ಲು.

"ಏನೋ ಬಂದ್ಬಿಟ್ಟೆ?" ಎಂದಳು ಅಕ್ಕ.

"ಸುಮ್ನೆ. ಗಾಳಿ ಹಿಡ್ಕೊಂಡಿತ್ತಾ?"

"ಹೂಂ. ಇವ್ಳು ನಟ್ಟು ಸಡ್ಲಿಸಿದ್ಳು, ನಾನು ಡೀಸೆಲ್ ಪಂಪ್ ಒತ್ತಿದೆ. ಗುಳ್ಳೆ ಹೋಗೋವರ್ಗೂ ಬಿಟ್ಟು ಬಿಗಿದ್ವಿ. ನೀನು ಮಾಡೋದು ನೋಡಿರ್ಲಿಲ್ವಾ?"

ಸ್ಪ್ಯಾನರು ಕೊಡಿ, ಇನ್ನೊಮ್ಮೆ ಬಿಗಿದು ನೋಡುತ್ತೇನೆ ಎಂದೆ. ನೋಡಿದೆ. ಬಿಗಿಯಲು ಏನೂ ಉಳಿದಿರಲಿಲ್ಲ. ಅವರಿಬ್ಬರೂ ಖಾಲಿ ಹಿಂಡಿ ಚೀಲ ಕೊಡವಿ ಮಡಚುತ್ತಿದ್ದರು. ನಾನು ದೋಣಿಯ ಹಗ್ಗವನ್ನು ಕಲ್ಲಿಗೆ ಕಟ್ಟಿ, ಇನ್ನೂ ಬಿಸಿಯಿದ್ದ ಎಂಜಿನ್ನಿನ ಮೇಲೆ ಹಲಗೆ ಮುಚ್ಚಿದೆ.